ಹೊಸ ರೂಟರ್‌ಗೆ ಹಳೆ ಪ್ರಿಂಟರ್ ಸೇರುತ್ತಿಲ್ವಾ? ಇದನ್ನೊಮ್ಮೆ ನೋಡಿ

ಹೊಸ ರೂಟರ್ ಹಾಕಿಸಿದ ಮೇಲೆ ಫೋನ್, ಟಿವಿ ಎಲ್ಲಾ ಚೆನ್ನಾಗಿ ಓಡುತ್ತವೆ, ಹಳೆ ಪ್ರಿಂಟರ್ ಅಥವಾ ಸ್ಮಾರ್ಟ್ ಬಲ್ಬ್ ಮಾತ್ರ ವೈಫೈ ಹಿಡಿಯುವುದೇ ಇಲ್ಲ, ಅಲ್ವಾ? ದಯವಿಟ್ಟು ಸುಮ್ನೆ ಗುಜರಿಗೆ ಹಾಕಬೇಡಿ. ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ.

ಈಗಿನ ಹೆಚ್ಚಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ರೇಡಿಯೊ ಅಲೆಗಳಲ್ಲೂ ಸಿಗ್ನಲ್ ಕೊಡುತ್ತವೆ. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಬಲ್ಬ್, ಪ್ಲಗ್, ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ. ಎರಡಕ್ಕೂ ಒಂದೇ ವೈಫೈ ಹೆಸರಿದ್ದರೆ ಫೋನ್ ಸಾಮಾನ್ಯವಾಗಿ 5ರಲ್ಲಿ ಕೂತಿರುತ್ತದೆ. ಜೋಡಿಸುವ ಆ್ಯಪ್ ಕೆಲವೊಮ್ಮೆ ಅಲ್ಲೇ ಎಡವುತ್ತದೆ.

ರೂಟರ್ ತಿರುಗಿಸಿ, ಅಡಿಯ ಸ್ಟಿಕ್ಕರ್ ನೋಡಿ. 192.168.1.1 ಥರದ ವಿಳಾಸ, ಲಾಗಿನ್ ವಿವರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಬ್ರೌಸರ್‌ನಲ್ಲಿ ಆ ವಿಳಾಸ ತೆರೆದು, ವೈರ್‌ಲೆಸ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಫೋನನ್ನು 2.4ಕ್ಕೆ ಸೇರಿಸಿಕೊಂಡು ಆಮೇಲೆ ಬಲ್ಬ್ ಜೋಡಿಸಿ. (ವೈಫೈ ಹೆಸರಿನಲ್ಲಿ ಕಾಣುವ 5ಜಿಗೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ.)

ಆಗಲೂ ಸೇರದಿದ್ದರೆ ಸೆಕ್ಯುರಿಟಿ ಆಯ್ಕೆ ನೋಡಿ. ಡಬ್ಲ್ಯೂಪಿಎ3 (ವೈಫೈ ಕಾಯುವ ಹೊಸ ಭದ್ರತಾ ವಿಧಾನ, ಡಬ್ಲ್ಯೂಪಿಎ2 ಅದರ ಹಿಂದಿನದು) ಮಾತ್ರ ಅಂತಿದ್ದರೆ ಹಳೆಯವು ಒಳಗೆ ಬರಲಾರವು. ಡಬ್ಲ್ಯೂಪಿಎ2, 3 ಎರಡೂ ಇರುವ ಆಯ್ಕೆ ಇಡಿ. ಕಷ್ಟ ಆಯಿತು ಅಂತ ಪಾಸ್‌ವರ್ಡೇ ತೆಗೆದುಬಿಡಬೇಡಿ, ದಾರಿಹೋಕರೂ ನಿಮ್ಮ ನೆಟ್‌ವರ್ಕಿಗೆ ನುಗ್ಗಬಹುದು.

ಪ್ರಿಂಟರನ್ನು ಗೆಸ್ಟ್ ವೈಫೈಗೆ (ಮನೆಗೆ ಬಂದವರಿಗೆಂದು ಇಡುವ ಬೇರೆ ವೈಫೈ) ಹಾಕುವುದೂ ಬೇಡ. ಅಲ್ಲಿ ಸಾಮಾನ್ಯವಾಗಿ ಒಂದು ಸಾಧನಕ್ಕೆ ಇನ್ನೊಂದು ಕಾಣುವುದಿಲ್ಲ. ವೈಫೈ ಸಿಕ್ಕರೂ ಪ್ರಿಂಟ್ ಬರುವುದಿಲ್ಲ.