‘ಚಾರ್ಜ್’ ಅಂದರೆ ಬೋಜಾ: ಕಾಗದಪತ್ರದಲ್ಲಿ ಈ ಪದವನ್ನು ಬಿಡಿಸಿ ಓದುವುದು ಹೇಗೆ?

ಮೊಬೈಲಿಗೆ ಚಾರ್ಜ್, ಕರೆಂಟ್ ಬಿಲ್ಲಿನಲ್ಲಿ ಫಿಕ್ಸ್ಡ್ ಚಾರ್ಜ್, ಪೊಲೀಸರ ಚಾರ್ಜ್‌ಶೀಟ್, ಊರ ಶಾಲೆಗೆ ಇನ್‌ಚಾರ್ಜ್ ಹೆಡ್‌ಮಾಸ್ತರು. ಶಬ್ದ ಒಂದೇ, ಅರ್ಥ ಹತ್ತು. ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಇದಕ್ಕಾಗಿ ಡಿಕ್ಷನರಿಯ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಹೊಲದ ಉತಾರ, ಅಂದರೆ ಪಹಣಿ ನೋಡಿ ‘ಉತಾರದಾಗ ಬೋಜಾ ಐತಿ’ ಅನ್ನುತ್ತೇವಲ್ಲ, ಆ ಬೋಜಾ, ಅಂದರೆ ಹೊರೆ, ನೆನಪಿಟ್ಟುಕೊಂಡರೆ ಸಾಕು. ಚಾರ್ಜ್ ಶಬ್ದದ ಬೇರು ಲ್ಯಾಟಿನ್ನಿನ ‘ಕರ್ರುಸ್’, ಅಂದರೆ ಬಂಡಿ. ಬಂಡಿಗೆ ಹೇರು ಹೇರುವುದು ಎಂಬ ಅರ್ಥದಲ್ಲಿ ಅದು ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು.

ಮೊದಲ ಹೆಜ್ಜೆ: ಹೊರೆ ಯಾವುದು, ಯಾರ ಮೇಲೆ?

ಚಾರ್ಜ್ ಕಂಡಲ್ಲಿ ಇದೊಂದು ಪ್ರಶ್ನೆ ಕೇಳಿಕೊಳ್ಳಿ. ಹೊರೆ ರೊಕ್ಕದ್ದಾದರೆ ಶುಲ್ಕ, ಅಪರಾಧದ್ದಾದರೆ ಆರೋಪ, ಕೆಲಸದ್ದಾದರೆ ಪ್ರಭಾರ, ಸಾಲದ್ದಾಗಿ ಜಮೀನಿನ ಮೇಲೆ ಕೂತಿದ್ದರೆ ಬೋಜಾ. ಬ್ಯಾಟರಿಗೆ ವಿದ್ಯುತ್ ತುಂಬಿದರೂ, ಬಂದೂಕಿಗೆ ಮದ್ದು ತುಂಬಿದರೂ ಅದೇ ಶಬ್ದ. ಲಾಠಿ ಚಾರ್ಜ್ ಮಾತ್ರ ಈ ಲೆಕ್ಕಕ್ಕೆ ಸಲೀಸಾಗಿ ಸಿಗದು. ಅಲ್ಲಿ ಅರ್ಥ ಮೈಮೇಲೆ ನುಗ್ಗುವುದು. ಗೂಳಿ ಏರಿ ಬಂದರೂ ಇಂಗ್ಲಿಷಿನಲ್ಲಿ ‘ಚಾರ್ಜ್ಡ್ ಅಟ್’.

ಎರಡನೆಯ ಹೆಜ್ಜೆ: ಹಿಂದೆ ಮುಂದೆ ಇರುವ ಸಣ್ಣ ಪದ ನೋಡಿ

ಎಡವುವುದು ಹೆಚ್ಚಾಗಿ ಇಲ್ಲೇ. ‘ದೇ ಚಾರ್ಜ್ಡ್ ಹಿಮ್ ಫಾರ್ ದ ಪಂಪ್‌ಸೆಟ್’ ಅಂದರೆ ಪಂಪ್‌ಸೆಟ್ಟಿಗೆ ಅವನಿಂದ ರೊಕ್ಕ ತಗೊಂಡರು. ‘ದೇ ಚಾರ್ಜ್ಡ್ ಹಿಮ್ ವಿತ್ ಸ್ಟೀಲಿಂಗ್ ದ ಪಂಪ್‌ಸೆಟ್’ ಅಂದರೆ ಪಂಪ್‌ಸೆಟ್ ಕದ್ದ ಆರೋಪ ಹೊರಿಸಿದರು. ‘ಫಾರ್’ ಇದ್ದಲ್ಲಿ ರಸೀದಿ ಕೇಳಬೇಕು, ‘ವಿತ್’ ಇದ್ದಲ್ಲಿ ವಕೀಲರನ್ನು ಕಾಣಬೇಕು. ಆದರೆ ಸರ್ಕಾರಿ ಆದೇಶದಲ್ಲಿ ‘ಚಾರ್ಜ್ಡ್ ವಿತ್ ದ ಡ್ಯೂಟಿ’ ಎಂದು ಬಂದರೆ ಹೆದರಬೇಕಿಲ್ಲ. ಅಲ್ಲಿ ಹೊರಿಸಿದ್ದು ಅಪರಾಧವನ್ನಲ್ಲ, ಹೊಣೆಯನ್ನು.

‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದ ಚಾರ್ಜ್ ಆಫ್’ ನಡುವೆ ಒಂದು ‘ದ’ ಅಷ್ಟೇ ವ್ಯತ್ಯಾಸ, ಆದರೆ ಅರ್ಥ ತಿರುವುಮುರುವಾಗುತ್ತದೆ. ‘ದ ಟೀಚರ್ ಈಸ್ ಇನ್ ಚಾರ್ಜ್ ಆಫ್ ದ ಚಿಲ್ಡ್ರನ್’: ಮಕ್ಕಳ ಹೊಣೆ ಟೀಚರದ್ದು. ‘ದ ಚಿಲ್ಡ್ರನ್ ಆರ್ ಇನ್ ದ ಚಾರ್ಜ್ ಆಫ್ ದ ಟೀಚರ್’: ಮಕ್ಕಳು ಟೀಚರ ಸುಪರ್ದಿಯಲ್ಲಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಎರಡು ವಾಕ್ಯಗಳನ್ನು ಬರೆದು ರೂಢಿ ಮಾಡಿಕೊಳ್ಳಲಿ.

ಮೂರನೆಯ ಹೆಜ್ಜೆ: ಉತಾರದ 11ನೇ ಕಲಂ

ರೈತರಿಗೆ ಎಲ್ಲಕ್ಕಿಂತ ಮುಖ್ಯವಾದ ಚಾರ್ಜ್ ಇದು. ಪಿಕೆಪಿಎಸ್ ಸೊಸೈಟಿ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಅಥವಾ ಬ್ಯಾಂಕಿನಿಂದ ಬೆಳೆಸಾಲ ಎತ್ತುವಾಗ ರೈತ ಘೋಷಣಾ ಪತ್ರ ಬರೆದುಕೊಡುತ್ತಾನೆ. ಅದರ ಮೇಲೆ ಜಮೀನಿಗೆ ಬೋಜಾ ಬೀಳುತ್ತದೆ, ಉತಾರದ 11ನೇ ಕಲಮಿನಲ್ಲಿ ಋಣವೆಂದು ದಾಖಲಾಗುತ್ತದೆ. ಇದು ಅಡಮಾನ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್ ಪ್ರಕಾರ ಅಡಮಾನದಲ್ಲಿ ಆಸ್ತಿಯಲ್ಲಿನ ಒಂದು ಹಿತಾಸಕ್ತಿಯೇ ಸಾಲ ಕೊಟ್ಟವನಿಗೆ ವರ್ಗವಾಗುತ್ತದೆ. 100ನೇ ಸೆಕ್ಷನ್ನಿನ ಚಾರ್ಜ್‌ನಲ್ಲಿ ಹಾಗೆ ವರ್ಗವಾಗುವುದಿಲ್ಲ. ಆ ಆಸ್ತಿ ಸಾಲಕ್ಕೆ ಭದ್ರತೆಯಾಗಿ ನಿಲ್ಲುತ್ತದೆ.

ಸಾಲ ತೀರಿತು, ಬೋಜಾ ತಾನೇ ಇಳಿಯುತ್ತದೆ ಎಂದು ಸುಮ್ಮನೆ ಕೂರಬೇಡಿ. ಸಾಲ ಕೊಟ್ಟ ಕಡೆಯಿಂದ ಬೇಬಾಕಿ ಪತ್ರ (ಸಾಲ ಬಾಕಿ ಇಲ್ಲವೆಂಬ ಪತ್ರ) ತಗೊಳ್ಳಿ. ಅದರಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು, ಖಾತೆದಾರರ ಹೆಸರು ಉತಾರದಲ್ಲಿ ಇದ್ದಂತೆಯೇ ಇವೆಯೇ ಎಂದು ತಾಳೆ ನೋಡಿ. ಹಿಸ್ಸಾ ನಂಬರು ಒಂದಂಕಿ ತಪ್ಪಿದರೂ ಅರ್ಜಿ ಅಲ್ಲಿಗೇ ನಿಲ್ಲಬಹುದು. ಬೋಜಾ ಕಮ್ಮಿ ಮಾಡಿಸಲು ಕಂದಾಯ ಇಲಾಖೆಯಲ್ಲಿ ಅರ್ಜಿ ಕೊಟ್ಟ ಮೇಲೆ ಹೊಸ ಉತಾರ ತೆಗೆಸಿ 11ನೇ ಕಲಮಿನಿಂದ ಆ ಸಾಲದ ಬೋಜಾ ಹೋಗಿದೆಯೇ ಎಂದು ಕಣ್ಣಾರೆ ನೋಡಿ.

ಖರೀದಿ ಪತ್ರ ಇಂಗ್ಲಿಷಿನಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ‘ಫ್ರೀ ಆಫ್ ಚಾರ್ಜ್’ ಅಂದರೆ ಪುಕ್ಕಟೆ. ‘ಫ್ರೀ ಫ್ರಮ್ ಆಲ್ ಚಾರ್ಜಸ್’ ಅಂದರೆ ಯಾವ ಬೋಜಾವೂ ಇಲ್ಲ. ಹೊಲ ಕೊಳ್ಳುವವರಿಗೆ ಬೇಕಾದದ್ದು ಎರಡನೆಯದು. ಪತ್ರದಲ್ಲಿ ಹಾಗೆ ಬರೆದಿದ್ದರೂ ಉತಾರ ಮತ್ತು ಋಣಭಾರ ಪ್ರಮಾಣಪತ್ರ ಎರಡನ್ನೂ ನೋಡದೆ ಸಂಚಕಾರ (ಮುಂಗಡ ರೊಕ್ಕ) ಕೊಡಬೇಡಿ.

ನಾಲ್ಕನೆಯ ಹೆಜ್ಜೆ: ಚಾರ್ಜ್‌ಶೀಟ್ ಬೇರೆ, ಶಿಕ್ಷೆ ಬೇರೆ

ಸುದ್ದಿಯಲ್ಲಿ ‘ಚಾರ್ಜ್‌ಶೀಟ್ ಆಯಿತು’ ಎಂದು ಕೇಳಿದ್ದೇ ತಡ, ಊರಲ್ಲಿ ಮನುಷ್ಯನನ್ನು ಅಪರಾಧಿ ಮಾಡಿಬಿಡುತ್ತಾರೆ. ಇದು ದೊಡ್ಡ ತಪ್ಪು. ಎಫ್‌ಐಆರ್ ಎಂಬುದು ದೂರಿನ ದಾಖಲೆ. ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ಕೊಡುವ ವರದಿಯಲ್ಲಿ ಆರೋಪ ಹೊರಿಸಿದ್ದರೆ ಅದು ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 193ನೇ ಸೆಕ್ಷನ್. ಅದಾದ ಮೇಲೆ ನ್ಯಾಯಾಧೀಶರು ‘ಚಾರ್ಜ್ ಫ್ರೇಮ್’ ಮಾಡಿದರೂ ಅದು ವಿಚಾರಣೆಗೆ ಮುನ್ನ ಆರೋಪ ನಿಗದಿ ಮಾಡುವುದಷ್ಟೇ. ಸಾಕ್ಷಿ, ವಾದ, ತೀರ್ಪು ಇನ್ನೂ ಮುಂದಿರುತ್ತವೆ.

ಹೊರೆ ಇಳಿದರೆ ಡಿಸ್‌ಚಾರ್ಜ್

ದವಾಖಾನೆಯಿಂದ ಬಿಡುಗಡೆಯಾದರೆ ಡಿಸ್‌ಚಾರ್ಜ್. ಆಲಮಟ್ಟಿಯ ಗೇಟು ಎತ್ತಿ ನೀರು ಬಿಟ್ಟರೆ ಅದೂ ಡಿಸ್‌ಚಾರ್ಜ್, ಅಂದರೆ ಹೊರಹರಿವು. ಅದರ ಲೆಕ್ಕ ಕ್ಯುಸೆಕ್‌ನಲ್ಲಿ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಬತ್ತಿದ ಬೋರ್‌ವೆಲ್ಲಿಗೆ ಮಳೆನೀರು ಇಂಗಿಸಿದರೆ ರೀಚಾರ್ಜ್.

ಬಿಲ್ಲು, ಅರ್ಜಿ ಬರೆಯುವಾಗ

ಕರೆಂಟ್ ಬಿಲ್ಲಿನ ಎನರ್ಜಿ ಚಾರ್ಜ್ ಸುಟ್ಟ ಯೂನಿಟ್ಟಿಗೆ ತಕ್ಕಂತೆ, ಫಿಕ್ಸ್ಡ್ ಚಾರ್ಜ್ ಮಂಜೂರಾದ ಕಿಲೋವ್ಯಾಟ್ ಲೋಡಿಗೆ ತಕ್ಕಂತೆ. ಮನೆಗೆ ಕೀಲಿ ಹಾಕಿದ್ದರೂ ಬಿಲ್ಲಿನಲ್ಲಿ ಎರಡನೆಯದು ಕಾಣುವುದು ಇದಕ್ಕೇ. ನಾವು ‘ಬಸ್ ಚಾರ್ಜ್’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ‘ಬಸ್ ಫೇರ್’. ಕಾಲೇಜಿನದು, ವಕೀಲರದು ‘ಫೀ’. ಸಾಮಾನಿನ ಬೆಲೆ ‘ಪ್ರೈಸ್’, ದಂಡ ‘ಫೈನ್’. ಸೇವೆಗೆ ಕೊಡುವ ರೊಕ್ಕಕ್ಕೆ ಮಾತ್ರ ‘ಚಾರ್ಜ್’.

ಕಚೇರಿಗೆ ಅರ್ಜಿ ಬರೆಯುವಾಗ ‘ಹಿ ಈಸ್ ದ ಇನ್‌ಚಾರ್ಜ್’ ಬದಲು ‘ಹಿ ಈಸ್ ಇನ್ ಚಾರ್ಜ್’ ಎಂದು ಬರೆಯಿರಿ. ಖಾಲಿ ಹುದ್ದೆಯ ಪ್ರಭಾರದಲ್ಲಿರುವವರನ್ನು ಹೆಸರಿಸುವಾಗ ‘ಹೆಡ್‌ಮಾಸ್ಟರ್, ಇನ್ ಚಾರ್ಜ್’ ಎಂದು ಹುದ್ದೆ ಮೊದಲು ಬರಲಿ. ಅಧಿಕಾರ ವಹಿಸಿಕೊಂಡರು ಎನ್ನಲು ‘ಟುಕ್ ಚಾರ್ಜ್ ಆಫ್ ದ ಆಫೀಸ್’, ಬಿಟ್ಟುಕೊಟ್ಟರು ಎನ್ನಲು ‘ಹ್ಯಾಂಡೆಡ್ ಓವರ್ ಚಾರ್ಜ್’.