‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆಯಲಾಗದವಳು

ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆಲಿಸ್ ವಾಕರ್ ಅವರ ‘ದಿ ಕಲರ್ ಪರ್ಪಲ್’ ಕಾದಂಬರಿಯನ್ನು ಮೊದಲ ಸಲ ಪಾಠ ಮಾಡಿದಾಗ ನೋಟ್ಸ್ ಬರೆಸಿದೆ: 1982ರ ಕೃತಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ, ಜಾರ್ಜಿಯಾದ ಕಪ್ಪು ಹೆಣ್ಣುಮಕ್ಕಳ ಬದುಕು, ಪತ್ರರೂಪ. ಹುಡುಗಿಯರು ಪಾಸಾದರು. ಪತ್ರ ಬರೆಯುವ ಕಥಾನಾಯಕಿ ಸೀಲಿ ಮಾತ್ರ ಯಾರ ಮನಸ್ಸಿಗೂ ಇಳಿಯಲಿಲ್ಲ.

ಮುಂದಿನ ವರ್ಷ ಮೊದಲ ಪತ್ರವನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳಿದೆ. ಸೀಲಿಗೆ ಆಗ 14 ವರ್ಷ. ಅಪ್ಪ ಎಂದು ನಂಬಿದವನೇ ಕೆಡಿಸಿದ್ದಾನೆ. ದೇವರೊಬ್ಬನಿಗೆ ಬಿಟ್ಟು ಯಾರ ಮುಂದೆಯೂ ಬಾಯಿ ಬಿಡಬೇಡ ಎಂಬ ಬೆದರಿಕೆ ಬೇರೆ. ಅದಕ್ಕೇ ಆಕೆ ದೇವರಿಗೆ ಬರೆಯುತ್ತಾಳೆ.

“ದೇವ್ರಿಗ್ಯಾಕ್ರೀ ಮೇಡಂ, ಅವ್ವ ಇಲ್ಲೇನ್ರೀ?” ಎಂದಳು ಹಿಂದಿನ ಬೆಂಚಿನ ಹುಡುಗಿ. ಅವ್ವ ಹಾಸಿಗೆ ಹಿಡಿದಿದ್ದಾಳೆ, ಬದುಕುವುದಿಲ್ಲ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬಳು, “ನಮ್ಮಾಯಿ ಬೀಸುಕಲ್ಲಿನ ಮುಂದ ಹೇಳ್ಕೊಂಡ ಅಳ್ತಿದ್ಲಂತ್ರೀ” ಎಂದಳು. ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯ ಇರುವ ಊರಿದು. ಚೆನ್ನಮಲ್ಲಿಕಾರ್ಜುನನ ಮುಂದೆ, ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹೇಳಿಕೊಂಡದ್ದು ನನ್ನ ನೋಟ್ಸಿನಲ್ಲಿ ಒಂದು ಸಾಲೂ ಇರಲಿಲ್ಲ.

ಆಮೇಲೆ ಬರೆಯಲು ಹತ್ತು ನಿಮಿಷ ಕೊಟ್ಟೆ. ಉತ್ತರ ಕೊಡಲಾರದ ಯಾರಿಗಾದರೂ ಒಂದು ಪತ್ರ, ಮನೆಯ ಮಾತಿನಲ್ಲಿ. ‘ಇತ್ತ ನಾವೆಲ್ಲ ಕ್ಷೇಮ’ ಎಂದು ಮಾತ್ರ ಶುರು ಮಾಡಬಾರದು. ಆ ಒಂದು ಸಾಲು ತೆಗೆದರೆ ಪೆನ್ನು ಎಷ್ಟು ತಡವರಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡೆ.

ಬರೆಸುವ ಮೊದಲೇ ಒಂದು ಮಾತು ಹೇಳಿದ್ದೆ. ಪತ್ರ ನನಗೆ ಕೊಡಬೇಕಾಗಿಲ್ಲ. ಕೊಟ್ಟರೆ, ಬರೆದವಳು 18 ತುಂಬದವಳಾಗಿದ್ದು ಲೈಂಗಿಕ ದೌರ್ಜನ್ಯದ ವಿಷಯ ಅದರಲ್ಲಿದ್ದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆ. ‘ಯಾರಿಗೂ ಹೇಳೂದಿಲ್ಲ’ ಎಂದು ಆಣೆ ಮಾಡಿ ಹುಡುಗಿಯರಿಂದ ಬರೆಸುವುದು ತಪ್ಪು. ಸೀಲಿಯ ಬಾಯಿ ಕಟ್ಟಿದ್ದೂ ಅಂಥದ್ದೇ ಗುಟ್ಟು.

ಅತಿ ಹೆಚ್ಚು ಮಾತಾಡಿಸಿದ ಭಾಗ ನೆಟ್ಟಿಯ ಪತ್ರಗಳದು. ಈ ತಂಗಿ ವರ್ಷಗಟ್ಟಲೆ ಬರೆದ ಪತ್ರಗಳನ್ನು ಸೀಲಿಯ ಗಂಡ ಟ್ರಂಕಿನಲ್ಲಿ ಬಚ್ಚಿಟ್ಟಿರುತ್ತಾನೆ. ಗೆಳತಿ, ಗಾಯಕಿ ಶುಗ್ ಜೊತೆಗಿದ್ದದ್ದರಿಂದ ಅವು ಸೀಲಿಯ ಕೈಸೇರುತ್ತವೆ. “ನಮ್ಮಣ್ಣ ದಿನಾ ನನ್ನ ಮೊಬೈಲ್ ತಗೊಂಡ ನೋಡ್ತಾನ್ರೀ” ಎಂದಳು ಒಬ್ಬಳು. ಎರಡು ಪೀರಿಯಡ್ ಅದರಲ್ಲೇ ಕಳೆದವು, ಸಿಲಬಸ್ ಹಿಂದೆ ಬಿತ್ತು. ಬೀಳಲಿ ಅಂದುಕೊಂಡೆ.

ಸೀಲಿಯ ಇಂಗ್ಲಿಷ್ ವ್ಯಾಕರಣ ತಪ್ಪಿದ ಇಂಗ್ಲಿಷಲ್ಲ, ಆಕೆಯ ಮನೆಮಾತು. ಮುಂದೆ ಒಬ್ಬಳು ಅದನ್ನು ತಿದ್ದಲು ಬಂದಾಗ ಆಕೆ ಒಪ್ಪುವುದಿಲ್ಲ. ‘ಹೋಗೂದು, ಬರೂದು’ ಎಂದದ್ದಕ್ಕೆ ಬೈಸಿಕೊಂಡ ನಮ್ಮ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಸೀಲಿ ಪ್ಯಾಂಟು ಹೊಲಿದು ಸ್ವಂತ ದುಡಿಮೆ ಶುರು ಮಾಡುವ ಪತ್ರ ಓದಿದ ಮರುದಿನ, ಆ ಹಿಂದಿನ ಬೆಂಚಿನ ಹುಡುಗಿ ತನ್ನ ಅವ್ವ ಹಳೇ ಇಳಕಲ್ ಸೀರೆಗಳಿಂದ ಹೊಲಿದ ಕೌದಿ ತಂದಳು. ಸೀಲಿ ಮತ್ತು ಆಕೆಯ ಮಲಮಗನ ಹೆಂಡತಿ ಸೋಫಿಯಾ ಕೂತು ಕೌದಿ ಹೊಲಿಯುವ ಪತ್ರವನ್ನು ಅದನ್ನೇ ಹಾಸಿಕೊಂಡು ಇನ್ನೊಮ್ಮೆ ಓದಿದೆವು. ಆ ಸಲ ಓದಿದ್ದು ಆಕೆಯೇ.