ಅತ್ತೆಯ ಚೆರೊಕೀ ಅಜ್ಜಿಯನ್ನು ಸಮಾಧಿಗಳ ಸಾಲಿನಲ್ಲಿ ಹುಡುಕಿದ್ದು

ನಮ್ಮ ಮೈಸೂರಿನ ಮನೆಯಲ್ಲಿ ತಿಥಿ ದಿನ ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ಅದನ್ನು ಒಮ್ಮೆ ನನ್ನ ಅತ್ತೆಗೆ ವಿವರಿಸುತ್ತಿದ್ದೆ. ಅವರು ಸುಮ್ಮನಾಗಿಬಿಟ್ಟರು. ಅವರ ಒಂಬತ್ತನೇ ವಯಸ್ಸಿಗೇ ತಾಯಿ ತೀರಿಕೊಂಡಿದ್ದರು, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಅಜ್ಜಿ ಚೆರೊಕೀ ಅನ್ನೋ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರು, ಹೂತದ್ದು ಒಕ್ಲಹೋಮಾದ ಟಾಲಕ್ವಾ ಹತ್ತಿರ. ಅಜ್ಜಿಯ ಹೆಸರು ಬಿಟ್ಟರೆ ಅವರಿಗೆ ಗೊತ್ತಿದ್ದದ್ದು ಇಷ್ಟೇ. ನಾವಿರುವ ಟಲ್ಸಾದಿಂದ ಟಾಲಕ್ವಾ ದೂರವೇನಿಲ್ಲ. ಹುಡುಕೋಣ ಅಂದೆ.

ಅಜ್ಜಿ 1961ರಲ್ಲಿ ತೀರಿಕೊಂಡಿದ್ದರಿಂದ ಮರಣಪತ್ರ ಸಿಕ್ಕಿತು. ಹೂತ ಜಾಗ ಯಾವುದು ಅಂತ ಅದರಲ್ಲೇ ಬರೆದಿತ್ತು. ಒಬ್ಬರ ಜಮೀನಿನ ಮೂಲೆಯ ಕುಟುಂಬ ಸ್ಮಶಾನ. ಒಡೆಯರನ್ನು ಕೇಳಿಕೊಂಡು, ಫೆಬ್ರವರಿಯಲ್ಲಿ ಹೋದೆವು. ಬೇಸಿಗೆಯಲ್ಲಿ ಅಲ್ಲಿ ಉಣ್ಣೆ ಹುಳುಗಳ ಕಾಟ ಜಾಸ್ತಿ, ಹುಲ್ಲೂ ಎದೆಮಟ್ಟ ಬೆಳೆದಿರುತ್ತದೆ.

ಅಜ್ಜಿಯ ಕಲ್ಲಿನಲ್ಲಿ ಹುಟ್ಟಿದ ವರ್ಷ 1894 ಅಂತಿತ್ತು. ಅದನ್ನೇ ನಂಬಿ ಮನೆಗೆ ಬಂದು ಡಾಸ್ ಪಟ್ಟಿ ತೆಗೆದೆ. 1898ರಿಂದ 1907ರವರೆಗೆ, ಬುಡಕಟ್ಟಿನ ಜಮೀನನ್ನು ಒಬ್ಬೊಬ್ಬರಿಗೆ ಹಂಚಲು ಅಮೆರಿಕ ಸರ್ಕಾರ ಮಾಡಿದ ಪಟ್ಟಿ ಅದು. ಅದೇ ಹೆಸರಿನ ಹುಡುಗಿಯರು ಇಬ್ಬರಿದ್ದರು. ಗೋಯಿಂಗ್‌ಸ್ನೇಕ್ ಜಿಲ್ಲೆಯವಳ ವಯಸ್ಸು ಕಲ್ಲಿಗೆ ಸರಿಯಾಗಿ ಹೊಂದಿತು. ನಾಲ್ಕು ತಿಂಗಳು ಅವಳ ಬೆನ್ನು ಹತ್ತಿದೆ. ಒಂದು ಎಳೆಯೂ ಅತ್ತೆಯ ಮನೆಯವರಿಗೆ ಬಂದು ಸೇರಲಿಲ್ಲ.

ಮತ್ತೆ ಸ್ಮಶಾನಕ್ಕೆ ಹೋದೆ. ಈ ಸಲ ಎಲ್ಲ ಕಲ್ಲುಗಳನ್ನೂ ಸಾಲಾಗಿ ಬರೆದುಕೊಂಡೆ, ನಕ್ಷೆ ಹಾಕಿ ನಂಬರ್ ಕೊಟ್ಟೆ. ನೀರು ಮತ್ತು ಮೆತ್ತನೆಯ ಬ್ರಶ್ ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ಬ್ಲೀಚ್, ತಂತಿ ಬ್ರಶ್ ಬಳಸಿದರೆ ಕಲ್ಲು ಹಾಳಾಗುತ್ತದೆ. ಅಕ್ಷರ ಸವೆದಿದ್ದ ಕಡೆ ಕನ್ನಡಿ ಹಿಡಿದು ಪಕ್ಕದಿಂದ ಬಿಸಿಲು ಬಿಟ್ಟೆ. ಅಜ್ಜಿಯ ಪಕ್ಕದಲ್ಲೇ, ವಿಂಕಾ ಬಳ್ಳಿಯ ಕೆಳಗೆ, ಮೊಣಕಾಲುದ್ದದ ಒಂದು ಕಲ್ಲಿತ್ತು. ಮೊದಲ ಸಲ ಅದನ್ನು ನೋಡಿಯೇ ಇರಲಿಲ್ಲ. ಒಂದು ಗಂಡುಮಗುವಿನದು. ಸತ್ತದ್ದು 1902ರ ಡಿಸೆಂಬರ್.

ಅತ್ತೆ ಈ ಮಗುವಿನ ವಿಷಯ ಕೇಳಿಯೇ ಇರಲಿಲ್ಲ. ಒಕ್ಲಹೋಮಾ ಇನ್ನೂ ರಾಜ್ಯವಾಗಿರದ ಕಾಲ ಅದು. ರಾಜ್ಯ ಮರಣ ದಾಖಲೆ ಇಡಲು ಶುರುಮಾಡಿದ್ದೇ 1908ರಲ್ಲಿ. ಆದರೆ ಡಿಸೆಂಬರ್ ಅನ್ನೋದು ದೊಡ್ಡ ಸುಳಿವು. 1902ರ ಸೆಪ್ಟೆಂಬರ್ 1ರಂದು ಬದುಕಿದ್ದ ಚೆರೊಕೀಯರನ್ನು ಪಟ್ಟಿಗೆ ಸೇರಿಸುತ್ತಿದ್ದರು. ಹಾಗಾದರೆ ಈ ಮಗುವಿನ ಹೆಸರೂ ಅಲ್ಲಿರಬೇಕು ಅಲ್ವಾ?

ಇತ್ತು. ಪಟ್ಟಿಗಾಗಿ ಕುಟುಂಬಕ್ಕೊಂದರಂತೆ ಬರೆದ ಕಾರ್ಡುಗಳಿವೆ. ಟಾಲಕ್ವಾ ಜಿಲ್ಲೆಯ ಒಂದು ಕಾರ್ಡಿನಲ್ಲಿ, ಅದೇ ಹೆಸರಿನ ಎರಡನೇ ಹುಡುಗಿಯ ಕೆಳಗಿನ ಸಾಲಿನಲ್ಲೇ. ಅರ್ಜಿಯ ಕಡತದಲ್ಲಿ ಮಗು ಸತ್ತದ್ದಕ್ಕೆ ನೆರೆಯವರು ಕೊಟ್ಟ ಪ್ರಮಾಣಪತ್ರವೂ ಸಿಕ್ಕಿತು. ತಾರೀಖು ಕಲ್ಲಿನದ್ದೇ. ಕಾರ್ಡಿನ ಪ್ರಕಾರ ಅಜ್ಜಿ ಹುಟ್ಟಿದ್ದು 1892ರ ಸುಮಾರಿಗೆ. ದೊಡ್ಡ ಕಲ್ಲನ್ನು 1961ರಲ್ಲಿ ಮಕ್ಕಳು ಅಂದಾಜಿನ ಮೇಲೆ ಕೆತ್ತಿಸಿರಬೇಕು. ಈಗ ನಾನು ಒಂದೇ ಹೆಸರು, ಒಂದೇ ವರ್ಷ ನೋಡಿ ಯಾರನ್ನೂ ಒಪ್ಪುವುದಿಲ್ಲ. ಅಕ್ಕಪಕ್ಕ ಮಲಗಿದವರು ಕಾರ್ಡಿನಲ್ಲೂ ಅಕ್ಕಪಕ್ಕ ಇರಬೇಕು.

ಕಾರ್ಡಿನಲ್ಲಿ ಅಜ್ಜಿಯ ತಂದೆತಾಯಿಯ ಹೆಸರಿತ್ತು. ಅಲ್ಲಿಂದ ಮಿಲ್ಲರ್ ಅರ್ಜಿಗೆ ಹೋದೆ. 1906ರಿಂದ ಹಳೆಯ ಒಪ್ಪಂದಗಳ ಹಣ ಹಂಚಲು ತೆಗೆದುಕೊಂಡ ಅರ್ಜಿಗಳು ಇವು, 45 ಸಾವಿರಕ್ಕೂ ಹೆಚ್ಚು. ಅಣ್ಣತಮ್ಮ, ಅಕ್ಕತಂಗಿ, ಅಜ್ಜ ಅಜ್ಜಿ ಎಲ್ಲರ ಹೆಸರೂ ಅದರಲ್ಲಿ ಕೇಳಿದ್ದಾರೆ, ಇಂಗ್ಲಿಷ್ ಹೆಸರು, ಚೆರೊಕೀ ಹೆಸರು ಎರಡನ್ನೂ. ಅದರಲ್ಲಿ ಸಿಕ್ಕ ಒಂದು ಚೆರೊಕೀ ಹೆಸರು 1851ರ ಡ್ರೆನ್ನನ್ ಪಟ್ಟಿಗೆ ಮುಟ್ಟಿಸಿತು. 1838–39ರಲ್ಲಿ ಸೈನಿಕರು ಮನೆಯಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದ ಕುಟುಂಬಗಳ ಪಟ್ಟಿ ಅದು. ಆ ಸಾಲನ್ನು ಅತ್ತೆಗೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಒಂದು ಮಾತು. ಮನೆಯಲ್ಲಿ ಚೆರೊಕೀ ಕಥೆ ಇದೆ ಅಂದ ಮಾತ್ರಕ್ಕೆ, ಅಥವಾ ಸಮಾಧಿಯ ಫೋಟೊ ತೋರಿಸಿದರೆ, ಬುಡಕಟ್ಟಿನ ಸ್ವಂತ ಸರ್ಕಾರವಾದ ಚೆರೊಕೀ ನೇಷನ್ ಪೌರತ್ವ ಕೊಡುವುದಿಲ್ಲ. ಡಾಸ್ ಪಟ್ಟಿಯಲ್ಲಿರುವ ಒಬ್ಬರಿಂದ ನೇರ ವಂಶವನ್ನು ಜನನ, ಮರಣ ಪತ್ರಗಳಿಂದ ತೋರಿಸಬೇಕು. ಅದು ಸರಿಯಾದ ನಿಯಮ ಅಂತಲೇ ನನಗನ್ನಿಸುತ್ತದೆ. ಅತ್ತೆ ಅರ್ಜಿ ಹಾಕಿದ್ದಾರೆ.

ಮೇ ತಿಂಗಳಲ್ಲಿ ಅಲ್ಲಿನವರು ಸಮಾಧಿಗಳನ್ನು ಶುಚಿ ಮಾಡಿ ಹೂ ಇಡುತ್ತಾರೆ. ಈ ವರ್ಷ ಅತ್ತೆಯೂ ಬಂದರು. ಅಜ್ಜಿಗೆ, ಮಗುವಿಗೆ ಇಟ್ಟಾದ ಮೇಲೆ ಕೈಯಲ್ಲಿ ಇನ್ನಷ್ಟು ಹೂ ಉಳಿದಿತ್ತು. ಅದೇ ಸಾಲಿನ ಕೊನೆಯಲ್ಲಿ ಅಕ್ಷರವಿಲ್ಲದ ಎರಡು ಕಾಡುಗಲ್ಲುಗಳಿವೆ, ನನ್ನ ನಕ್ಷೆಯಲ್ಲಿ 14 ಮತ್ತು 15. ಅವು ಯಾರದು ಅಂತ ಕೇಳಿದರು. ಹುಡುಕ್ತಾ ಇದ್ದೀನಿ ಅಂದೆ. ಅವಕ್ಕೂ ಹೂ ಇಟ್ಟರು.